ಪರದೆ ಬರೆದವನ ಹೆಸರು ಎಲ್ಲಿ?

ನಮ್ಮ ಕಡೆಯ ಜಾತ್ರೆ ನಾಟಕದ ಹ್ಯಾಂಡ್‌ಬಿಲ್ ಒಂದನ್ನು ತೆಗೆದು ನೋಡಿ. ಕವಿ, ಪಾತ್ರಧಾರಿಗಳು, ಹಾರ್ಮೋನಿಯಂ, ತಬಲಾ, ಎಲ್ಲರ ಹೆಸರೂ ಇರುತ್ತದೆ. ರಂಗಸಜ್ಜಿಕೆ ಅಂತ ಇದ್ದಲ್ಲಿ ಮಾತ್ರ ಬಾಡಿಗೆಗೆ ಕೊಟ್ಟ ‘ಡ್ರಾಮಾ ಸೀನ್ಸ್’ನವರ ಹೆಸರು. ಆ ಅರಮನೆ, ಆ ಅಡವಿ ಬರೆದವನ ಹೆಸರಿಲ್ಲ.

ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದರು. ಅದೇ ತಾಲ್ಲೂಕಿನ ಏಣಗಿ ಬಾಳಪ್ಪನವರು 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿದರು. ಇವರಿಬ್ಬರನ್ನೂ ನಾವು ಮರೆತಿಲ್ಲ. ಪರದೆ ಬರೆದವರಲ್ಲಿ ಹೆಸರು ಉಳಿದವರು ಬೆರಳೆಣಿಕೆ. ಅವರಲ್ಲೊಬ್ಬರು ನೆರೆಯ ಕೊಲ್ಹಾಪುರದ ಬಾಬುರಾವ್ ಪೇಂಟರ್. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಬಂದು ಕ್ಯಾಂಪ್ ಹಾಕುತ್ತಿದ್ದ ಕಾಲ ಅದು. ಬಾಬುರಾವ್ ಯಾವ ಚಿತ್ರಶಾಲೆಯಲ್ಲೂ ಕಲಿತವರಲ್ಲ. ಸೋದರಸಂಬಂಧಿ ಆನಂದರಾವ್ ಜೊತೆ 1910ರಿಂದ 1916ರವರೆಗೆ ನಾಟಕ ಕಂಪನಿಗಳಿಗೆ ಪರದೆ ಬರೆದರು.

ಈ ಕೆಲಸದಲ್ಲಿ ಕೈಚಳಕದಷ್ಟೇ ಅಂಟಿನ ಲೆಕ್ಕವೂ ಮುಖ್ಯ. ದಪ್ಪ ಕೋರಾ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಮೊದಲು ಸರೇಸು, ಅಂದರೆ ದನದ ಚರ್ಮ, ಎಲುಬು ಕುದಿಸಿ ಮಾಡಿದ ಅಂಟನ್ನು ಬಿಸಿ ಇದ್ದಾಗಲೇ ಹಚ್ಚಬೇಕು. ಬಣ್ಣದ ಪುಡಿಯನ್ನೂ ಅದೇ ಅಂಟುನೀರಿನಲ್ಲಿ ಕಲಸಬೇಕು. ಅಂಟು ಹೆಚ್ಚಾದರೆ ಪರದೆ ಸುತ್ತಿದಾಗ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪುಡಿಯಾಗಿ ನಟರ ಅಂಗಿಗೆ ಮೆತ್ತುತ್ತದೆ. ಹಸಿ ಇದ್ದಾಗ ಗಾಢವಾಗಿ ಕಾಣುವ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಹಾಗಾಗಿ ಹಚ್ಚುವವನು ನಾಳೆಯ ಬಣ್ಣವನ್ನು ಇಂದೇ ಊಹಿಸಬೇಕು. ಸಣ್ಣ ಚಿತ್ರದ ಮೇಲೆ ಚೌಕಳಿ ಹಾಕಿ, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಳಿ ಎಳೆದು ಚಿತ್ರ ಹಿಗ್ಗಿಸುತ್ತಿದ್ದರು. ಇದ್ದಿಲು ಪುಡಿ ಬಳಿದ ದಾರವನ್ನು ಚಟ್ಟನೆ ಮಿಡಿದರೆ ಕಂಬಗಳ ನೇರ ಗೆರೆ ಸಿದ್ಧ. ರಸ್ತೆ ಪರದೆ ಯಾಕೆ ಮುಂದೆ ಬೀಳುತ್ತದೆ ಗೊತ್ತೇ? ಅದರ ಮುಂದೆ ಹಾಸ್ಯ ನಡೆಯುವಾಗ ಹಿಂದೆ ದರ್ಬಾರು ಜೋಡಿಸುತ್ತಾರೆ!

ಬಾಬುರಾವ್ ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. 1920ರಲ್ಲಿ ‘ಸೈರಂಧ್ರಿ’ ಬಂತು. ಆಗಿನ ಫಿಲ್ಮಿಗೆ ಕೆಂಪು ಕಪ್ಪಾಗಿ, ನೀಲಿ ಬಿಳಿಚಾಗಿ ಕಾಣುತ್ತಿತ್ತು. ನಾಟಕದ ಬಣ್ಣದ ಲೆಕ್ಕ ಅಲ್ಲಿ ನಡೆಯದು. ಕೊನೆಗೆ ಪರದೆ ಬರೆದ ಆ ಮನುಷ್ಯನೇ ಪರದೆ ಬಿಟ್ಟು ನಿಜವಾದ ಆಳ, ಎತ್ತರ ಇರುವ ಸೆಟ್ಟುಗಳ ಕಡೆ ಹೊರಳಿದರು.

ನಮ್ಮ ಊರುಗಳಲ್ಲಿ ಈಗ ಫ್ಲೆಕ್ಸ್ ಬಂದಿದೆ. ಹೊರಲು ಹಗುರ, ನಿಜ. ಆದರೆ ಲೈಟು ಬಿದ್ದರೆ ಹೊಳೆಯುತ್ತದೆ. ಸರೇಸಿನ ಬಣ್ಣ ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತಿತ್ತು.

ನಿಮ್ಮೂರ ಗುಡಿಯ ಅಟ್ಟದಲ್ಲೋ ನಾಟಕ ಸಂಘದ ಟ್ರಂಕಿನಲ್ಲೋ ಹಳೆ ಪರದೆ ಇದ್ದರೆ ದಯವಿಟ್ಟು ನೀರು ಹಾಕಿ ತೊಳೆಯಬೇಡಿ. ಅಂಟು ಕರಗಿ ಇಡೀ ಚಿತ್ರ ಹರಿದುಹೋಗುತ್ತದೆ. ಮಡಚಲೂ ಬೇಡಿ, ಬಿದಿರ ಗಳುವಿಗೆ ಸುತ್ತಿ ಒಣ ಜಾಗದಲ್ಲಿಡಿ. ಅದಕ್ಕೂ ಮೊದಲು ಕೆಳಗಿನ ಮೂಲೆ ನೋಡಿ, ಬರೆದವನು ಸಹಿ ಹಾಕಿರಬಹುದು.