ಎಚ್‌ಐವಿ ಮತ್ತು ಕಿಶೋರಿಯರು: ಬಾಗಲಕೋಟೆ ಜಿಲ್ಲೆಯ ಗುಣಾತ್ಮಕ ಸಂಶೋಧನೆ

ಬಾದಾಮಿ, ಹುನಗುಂದ, ಇಳಕಲ್, ಮುಧೋಳ, ಜಮಖಂಡಿಗಳನ್ನೊಳಗೊಂಡ ಬಾಗಲಕೋಟೆ 1997ರಲ್ಲಿ ವಿಜಾಪುರದಿಂದ (ಇಂದಿನ ವಿಜಯಪುರ) ಬೇರೆಯಾಗಿ ಜಿಲ್ಲೆಯಾಯಿತು. ಕೆಲವೇ ವರ್ಷಗಳಲ್ಲಿ ಭಾರತ–ಕೆನಡಾ ಸಹಯೋಗದ ಎಚ್‌ಐವಿ/ಏಡ್ಸ್ ಯೋಜನೆ ಇಲ್ಲಿ ಮಾದರಿ ಕಾರ್ಯಕ್ರಮವೊಂದನ್ನು ನಡೆಸಿತು. 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಜಿಲ್ಲೆಯ ವಯಸ್ಕರಲ್ಲಿ ಸೋಂಕು ಶೇ 2.9ರಷ್ಟಿದೆ ಎಂದಿತು, ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಅದು ಹೆಚ್ಚಾಗಿತ್ತು. ಆದರೆ ಹಳ್ಳಿಯ ಹುಡುಗಿಯೊಬ್ಬಳು ಈ ಅಪಾಯದ ಹಾದಿಗೆ ಹೇಗೆ ಬೀಳುತ್ತಾಳೆ ಎಂಬುದನ್ನು ರಕ್ತಪರೀಕ್ಷೆ ಹೇಳಲಾರದು. ಅದಕ್ಕೆ ಅವಳನ್ನೇ ಕೇಳಬೇಕಿತ್ತು.

ಬಡತನ, ಬಾಲ್ಯವಿವಾಹ, 1982ರ ಕಾಯ್ದೆ ನಿಷೇಧಿಸಿದ ಮೇಲೂ ಅಳಿಯದ ದೇವದಾಸಿ ಪದ್ಧತಿ ಇವೆಲ್ಲವೂ ಶಾಲೆ ಬಿಡುವುದರೊಂದಿಗೆ ಹೆಣೆದುಕೊಂಡಿವೆ. ಹುಡುಗಿ ಶಾಲೆಯಲ್ಲಿ ಉಳಿದರೆ ಮದುವೆ ಮುಂದಕ್ಕೆ ಹೋಗುತ್ತದೆ, ಲೈಂಗಿಕ ವೃತ್ತಿಗೆ ಇಳಿಯುವ ಸಾಧ್ಯತೆ ತಗ್ಗುತ್ತದೆ ಎಂಬ ನಂಬಿಕೆಯಿಂದ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ (ಕೆಎಚ್‌ಪಿಟಿ) ಮತ್ತು ಲಂಡನ್ನಿನ ಸಂಶೋಧಕರು ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ 'ಸಮತಾ' ಯೋಜನೆ ಹಮ್ಮಿಕೊಂಡರು. 80 ಹಳ್ಳಿ ಗುಂಪುಗಳ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಈ ಪ್ರಯೋಗದಲ್ಲಿದ್ದರು.

ಅದರೊಂದಿಗೆ ನಡೆದ ಗುಣಾತ್ಮಕ ಅಧ್ಯಯನವೇ ನಿಜವಾಗಿ ಓದಬೇಕಾದದ್ದು. ಸತ್ಯನಾರಾಯಣ ರಾಮನಾಯಕ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಈ ಕೆಲಸ ಹುಡುಗಿಯರು ಮತ್ತು ಅವರ ಮನೆಯವರ ಮಾತುಗಳನ್ನು ಆಧರಿಸಿದೆ. ಶಾಲೆ ಬಿಡಲು ಬಡತನ ಒಂದು ಕಾರಣ, ಮನೆಗೆಲಸ ಇನ್ನೊಂದು. ಅದಕ್ಕೂ ಬಿಗಿಯಾದ ಕಟ್ಟು ಮರ್ಯಾದೆಯದು. ಪ್ರೌಢಶಾಲೆಗೆ ಹೋಗುವ ದಾರಿಯಲ್ಲಿ ಹುಡುಗರು ಚುಡಾಯಿಸಿದರೂ ಊರವರ ಬಾಯಿಗೆ ಸಿಗುವುದು ಹುಡುಗಿಯ ಹೆಸರೇ. ಹೆಸರು ಕೆಡುವ ಮೊದಲೇ ಶಾಲೆ ಬಿಡಿಸಿ ಮದುವೆ ಮಾಡುವುದು ಮೇಲು ಎಂದುಕೊಳ್ಳುವ ತಂದೆ–ತಾಯಿಯಲ್ಲಿ ಮಗಳ ಮೇಲಿನ ಕಾಳಜಿಯೂ ಇದೆ, ಊರಿನ ಅಂಜಿಕೆಯೂ ಇದೆ.

ಪ್ರಯೋಗ ಮುಗಿದಾಗ ಯೋಜನೆ ನಡೆದ ಮತ್ತು ನಡೆಯದ ಹಳ್ಳಿಗಳ ನಡುವೆ ಪ್ರೌಢಶಾಲೆ ಪೂರೈಸಿದವರ ಪ್ರಮಾಣದಲ್ಲಿ ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಯಾಕೆ ಎಂಬುದಕ್ಕೆ ಅರ್ಧ ಉತ್ತರ ಆ ಸಂದರ್ಶನಗಳಲ್ಲೇ ಇದೆ: ಹುಡುಗಿಗೆ ಧೈರ್ಯ ಹೇಳಿದರೆ ಸಾಲದು, ಊರಿನ ಬಾಯಿಯೂ ಬದಲಾಗಬೇಕು.

ಸೋಂಕಿನೊಡನೆಯೇ ಬೆಳೆದ, ಇಲ್ಲವೇ ಸೋಂಕಿತ ತಂದೆ–ತಾಯಿಯ ಮನೆಯಲ್ಲಿ ಬೆಳೆದ ಮಕ್ಕಳ ಕತೆ ಬೇರೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ 2004ರ ಏಪ್ರಿಲ್‌ನಲ್ಲಿ, ಮಕ್ಕಳ ಎಆರ್‌ಟಿ ಕಾರ್ಯಕ್ರಮ 2006ರಲ್ಲಿ ಆರಂಭವಾದವು. ಗುಳಿಗೆ ಯಾವುದಕ್ಕೆಂದು ಮಗುವಿಗೆ ಯಾರು, ಯಾವಾಗ ಹೇಳಬೇಕು ಎಂಬ ಪ್ರಶ್ನೆ ಅಂದಿನಿಂದ ಇಂಥ ಮನೆಗಳನ್ನು ಕಾಡಿದೆ. ಮನೆಯ ಹೊಣೆಯೇ ಮಕ್ಕಳ ಮೇಲೆ ಬಿದ್ದಾಗ ಕಾನೂನಿನ ಆಸರೆಯೂ ಇದೆ: 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ/ಏಡ್ಸ್ ಕಾಯ್ದೆಯ ಪ್ರಕಾರ, ಇಂಥ ಕುಟುಂಬವನ್ನು ನಡೆಸುತ್ತಿರುವ, ತಕ್ಕ ತಿಳಿವಳಿಕೆಯುಳ್ಳ 12ರಿಂದ 18 ವರ್ಷದೊಳಗಿನ ಅಕ್ಕ ಅಥವಾ ಅಣ್ಣ ತಮ್ಮ–ತಂಗಿಯರ ಶಾಲೆ, ಚಿಕಿತ್ಸೆ, ಬ್ಯಾಂಕ್ ಖಾತೆಗಳಿಗೆ ಪಾಲಕರಾಗಿ ಸಹಿ ಮಾಡಬಹುದು.