ನವರಾತ್ರಿಯ ಒಂಬತ್ತು ಬಣ್ಣ ಶಾಸ್ತ್ರದಲ್ಲಿದೆಯೇ?

ಶರನ್ನವರಾತ್ರಿ ಹತ್ತಿರವಾದಂತೆ 'ಯಾವ ದಿನ ಯಾವ ಬಣ್ಣದ ಸೀರೆ' ಎಂಬ ಪಟ್ಟಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತದೆ. ಬೇರೆ ಬಣ್ಣ ಉಟ್ಟರೆ ದೋಷ ಎಂಬ ಸಾಲೂ ಕೆಲವದರಲ್ಲಿ ಇರುತ್ತದೆ. ಇದು ನಿಜವೇ?

ಅಲ್ಲ. ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀಮಾಹಾತ್ಮ್ಯದಲ್ಲಿ ಈ ಪಟ್ಟಿ ಇಲ್ಲ. ಅದರ ಜೊತೆ ಓದುವ ದೇವೀಕವಚದಲ್ಲಿ ನವದುರ್ಗೆಯರ ಹೆಸರುಗಳಿವೆ, ನಾವು ಉಡಬೇಕಾದ ಸೀರೆಯ ಬಣ್ಣವಿಲ್ಲ.

ಪಟ್ಟಿಯನ್ನೇ ಗಮನಿಸಿ. ಮೊದಲ ದಿನದ ಬಣ್ಣ 2022ರಲ್ಲಿ ಬಿಳಿ, 2023ರಲ್ಲಿ ಕಿತ್ತಳೆ, 2024ರಲ್ಲಿ ಹಳದಿ. ಆ ದಿನ ಪೂಜೆಗೊಳ್ಳುವ ಶೈಲಪುತ್ರಿ ಮಾತ್ರ ಬದಲಾಗಿಲ್ಲ! ಬದಲಾದದ್ದು ವಾರ. ಹಬ್ಬ ಶುರುವಾದದ್ದು ಕ್ರಮವಾಗಿ ಸೋಮವಾರ, ಭಾನುವಾರ, ಗುರುವಾರ. ಸೋಮವಾರಕ್ಕೆ ಬಿಳಿ, ಮಂಗಳವಾರಕ್ಕೆ ಕೆಂಪು ಎಂದು ಏಳು ವಾರಗಳಿಗೆ ಏಳು ಬಣ್ಣ ಹಂಚುತ್ತಾರೆ. ಉಳಿದೆರಡು ದಿನಕ್ಕೆ ಗುಲಾಬಿ, ನೇರಳೆ, ನವಿಲು ಹಸಿರುಗಳಲ್ಲಿ ಎರಡು.

ಶರತ್ಕಾಲದ ಈ ಫ್ಯಾಷನ್ ಜೋರಾದದ್ದು ಮುಂಬೈಯಲ್ಲಿ, 2000ದ ದಶಕದ ಆರಂಭದಲ್ಲಿ. ಮರಾಠಿಯ 'ಮಹಾರಾಷ್ಟ್ರ ಟೈಮ್ಸ್' ಪತ್ರಿಕೆ ದಿನದ ಬಣ್ಣ ಪ್ರಕಟಿಸಿ, ಅದನ್ನು ಉಟ್ಟ ಮಹಿಳೆಯರ ಗುಂಪು ಫೋಟೊಗಳನ್ನು ಹಾಕುತ್ತಿತ್ತು.

ಶಾಲೆ, ಬ್ಯಾಂಕುಗಳಲ್ಲಿ ಎಲ್ಲರೂ ಒಂದೇ ಬಣ್ಣ ಉಟ್ಟು ಫೋಟೊ ತೆಗೆಸಿಕೊಳ್ಳುವುದು ಖುಷಿಯೇ. ನಮ್ಮ ತಕರಾರು ಅದಕ್ಕಲ್ಲ. ಆದರೆ ಬೂದು ಬಣ್ಣದ ಸೀರೆ ಇಲ್ಲವೆಂದು ಗಾರ್ಮೆಂಟ್ಸ್‌ ಕೆಲಸದ ಅಕ್ಕ ಸಾಲ ಮಾಡಬೇಕಿಲ್ಲ. ಪಟ್ಟಿ ಕಳಿಸುವುದಾದರೆ, ದೋಷದ ಆ ಸಾಲನ್ನು ಅಳಿಸಿ ಕಳಿಸಿ.