ಲೋಫರ್: ಬೈಗುಳವಲ್ಲ, ಬೂಟು

ನಮ್ಮ ಶಾಲೆಯಲ್ಲಿ ಕಲಿತು ಈಗ ಪುಣೆಯಲ್ಲಿ ನೌಕರಿ ಹುಡುಕುತ್ತಿರುವ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಸಂದರ್ಶನಕ್ಕೆ ‘ಬಿಸಿನೆಸ್ ಕ್ಯಾಶುಯಲ್’ ಉಡುಪಿನಲ್ಲಿ ಬರಬೇಕಂತೆ. “ಸರ್, ಅಂಗಡ್ಯಾಂವ ಲೋಫರ್ ತಗೋ ಅಂತಾನ್ರೀ. ದೊಡ್ಡ ಮಂದಿ ಬೂಟು ಅದು. ನಮ್ಮಂಥವರಿಗೆ ಒಪ್ಪತೈತೇನ್ರೀ?” ಎಂದ. ನಮ್ಮಲ್ಲಿ ಬೈಗುಳವಾದ ಹೆಸರು ಕೇಳಿ ನಗು ಬಂತು. ಅವನ ಅಳುಕು ಕೇಳಿ ಆ ನಗು ಅಲ್ಲೇ ನಿಂತಿತು. ಅವನಿಗೆ ಆ ಬೂಟಿನ ಚರಿತ್ರೆ ಹೇಳಿದೆ.

ಲೇಸು ಕಟ್ಟದೆ ಕಾಲು ತೂರಿಸಿ ಹಾಕಿಕೊಳ್ಳುವ ಬೂಟು ಲೋಫರ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೆಲಸವಿಲ್ಲದೆ ಅಲೆಯುವವ ಎಂದರ್ಥ. ಆದರೆ ಇದನ್ನು ಹುಟ್ಟಿಸಿದವರು ದುಡಿಯುವ ಜನ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೆತ್ತನೆಯ ಚರ್ಮದಿಂದ ‘ಮೊಕಾಸಿನ್’ ಎಂಬ ಪಾದರಕ್ಷೆ ಹೊಲಿಯುತ್ತಿದ್ದರು. ನಾರ್ವೆಯ ಔರ್ಲಾಂಡ್ ಎಂಬ ಊರಿನ ನಿಲ್ಸ್ ತ್ವೆರಾಂಗರ್ 13ನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಚಮ್ಮಾರಿಕೆ ಕಲಿತು, 20ನೆಯ ವಯಸ್ಸಿಗೆ ಊರಿಗೆ ಮರಳಿದ. 1930ರ ಸುಮಾರಿಗೆ ಅವನು ಹೊಲಿದ ಹೊಸ ಬೂಟಿನಲ್ಲಿ ಮೊಕಾಸಿನ್ನಿನ ಹೋಲಿಕೆಯೂ ಇತ್ತು, ತನ್ನೂರಿನ ಹಳೆಯ ಪಾದರಕ್ಷೆಯ ಹೋಲಿಕೆಯೂ ಇತ್ತು.

ಅದು ಮತ್ತೆ ಸಮುದ್ರ ದಾಟಿತು. 1936ರಲ್ಲಿ ಅಮೆರಿಕದ ಬಾಸ್ ಕಂಪನಿ ಅಂಥದೇ ಬೂಟನ್ನು ‘ವೀಜನ್ಸ್’ ಎಂದು ಮಾರಿತು. ‘ನಾರ್ವೀಜಿಯನ್ಸ್’ ಎಂಬ ಪದದ ಬಾಲವದು. ಮೇಲಿನ ಪಟ್ಟಿಯ ಸೀಳಿನಲ್ಲಿ ಕಾಲೇಜು ಹುಡುಗರು ನಾಣ್ಯ ಸಿಕ್ಕಿಸುವ ರೂಢಿಯಿಂದ ‘ಪೆನ್ನಿ ಲೋಫರ್’ ಆಯಿತು. 1953ರಲ್ಲಿ ಇಟಲಿಯ ಗುಚ್ಚಿ ಅದರ ಮೇಲೆ ಕುದುರೆ ಕಡಿವಾಣದಂಥ ಲೋಹದ ಪಟ್ಟಿ ಇಟ್ಟಿತು. 1960ರ ದಶಕದಲ್ಲಿ ಅಮೆರಿಕದ ವ್ಯಾಪಾರಸ್ಥರು ಸೂಟಿನ ಜೊತೆಗೂ ಹಾಕತೊಡಗಿದರು. ನಾರ್ವೆಯ ಹೆಸರಿನ ಚೂರಾದರೂ ಉಳಿಯಿತು. ಮೂಲನಿವಾಸಿಗಳ ಹೆಸರು ಆ ಬೂಟಿನ ಮೇಲೆ ಎಲ್ಲಿಯೂ ಇಲ್ಲ.

ಇದು ದೂರದ ಮಾತಲ್ಲ. ನಮ್ಮ ಜತ್ತದಿಂದ ಗಡಿ ದಾಟಿದರೆ ಅಥಣಿ. ಅಲ್ಲಿಯೂ ಕೊಲ್ಹಾಪುರಿ ಚಪ್ಪಲಿ ಹೊಲಿಯುತ್ತಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳು ಸೇರಿದವು. ನಮ್ಮ ಸಾಂಗಲಿಯೂ ಅದರಲ್ಲಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನಲ್ಲಿ ಪ್ರದರ್ಶಿಸಿತು, ಮೂಲದ ಹೆಸರು ಹೇಳಲಿಲ್ಲ. ಇಲ್ಲಿ ಜನ ಗದ್ದಲ ಎಬ್ಬಿಸಿದ ಮೇಲೆ ಒಪ್ಪಿಕೊಂಡಿತು.

ಹುಡುಗನಿಗೆ ಕೊಟ್ಟ ಸಲಹೆ ಇಷ್ಟು. ಮೊದಲ ಜೋಡಿ ಕಡುಕಂದು ಬಣ್ಣದ್ದಿರಲಿ. ಗೊಂಡೆ, ಹೊಳಪು ಬೇಡ. ಲೇಸು ಇಲ್ಲದ್ದರಿಂದ ಕೊಳ್ಳುವಾಗಲೇ ಬಿಗಿ ಇರಬೇಕು. ಚರ್ಮ ಆಮೇಲೆ ಸಡಿಲಾಗುತ್ತದೆ. ನಡೆದಾಗ ಹಿಮ್ಮಡಿ ಜಾರಿದರೆ ಬಿಟ್ಟುಬಿಡು. ಬೆಲ್ಟು ಅದೇ ಬಣ್ಣದ್ದಿರಲಿ, ಪ್ಯಾಂಟಿನ ಅಂಚು ಬೂಟಿಗೆ ತಾಗಿದರೆ ಸಾಕು. ಸಂದರ್ಶನಕ್ಕೆ ಕಾಲುಚೀಲ ಇರಲಿ.

“ಅಳುಕಬ್ಯಾಡಪಾ, ಅದು ನಮ್ಮಂಥವರೇ ಹೊಲಿದ ಬೂಟು” ಎಂದೆ. ಮರುದಿನ ಏಳನೆಯ ಇಯತ್ತೆಯಲ್ಲಿ ಈ ಕಥೆ ಹೇಳಿ, ನಿಮ್ಮ ಚಪ್ಪಲಿ ಹೊಲಿದವರು ಯಾರೆಂದು ಕೇಳಿದೆ. ಇಡೀ ವರ್ಗದಲ್ಲಿ ಒಬ್ಬನೇ ಕೈ ಎತ್ತಿದ: “ನಮ್ಮಪ್ಪ, ಸರ್.” ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.